ಎದುರುಗಾಳಿಗೆ ಯಾವ ಡ್ರೈವರ್? ಡಿಸ್ಕ್ ಗಾಲ್ಫ್ (ತಟ್ಟೆಯಂಥ ಡಿಸ್ಕನ್ನು ಎಸೆದು ಗುರಿ ಮುಟ್ಟಿಸುವ ಆಟ) ಓದುಗರ ಪ್ರಶ್ನೋತ್ತರ

ಪ್ರಶ್ನೆ: ನಾನು ಬಲಗೈಯಿಂದ ಬ್ಯಾಕ್‌ಹ್ಯಾಂಡ್ (ಕೈಯನ್ನು ಎದೆಗೆ ಅಡ್ಡವಾಗಿ ತಂದು ಹೊರಕ್ಕೆ ಬೀಸಿ) ಎಸೆಯುವವನು. ಗಾಳಿಯಿಲ್ಲದ ದಿನ ನನ್ನ ಫೇರ್‌ವೇ ಡ್ರೈವರ್ (ದೂರದ ಎಸೆತಕ್ಕೆ ಬಳಸುವ, ಮಧ್ಯಮ ವೇಗದ ಡಿಸ್ಕ್) ಸುಮಾರು 85 ಮೀಟರ್ ನೇರವಾಗಿ ಹೋಗಿ, ಕೊನೆಯಲ್ಲಿ ತುಸು ಎಡಕ್ಕೆ ಬಾಗಿ ಬೀಳುತ್ತದೆ. ಎದುರುಗಾಳಿ ಇದ್ದಾಗ ಮಾತ್ರ ಅದೇ ಡಿಸ್ಕ್ ಬಲಕ್ಕೆ ಮಗುಚಿಕೊಂಡು, ಮತ್ತೆ ಎಡಕ್ಕೆ ತಿರುಗದೆ ಪೊದೆ ಸೇರುತ್ತದೆ. ಜೊತೆಯಲ್ಲಿ ಆಡುವವರು ಓವರ್‌ಸ್ಟೇಬಲ್ (ಬಲಕ್ಕೆ ವಾಲದೆ ಎಡಕ್ಕೆ ಬಾಗುವ) ಡಿಸ್ಟೆನ್ಸ್ ಡ್ರೈವರ್ ತೆಗೆದುಕೊಳ್ಳಿ ಎನ್ನುತ್ತಾರೆ. ಡೆಸ್ಟ್ರಾಯರ್, ಫೋರ್ಸ್, ಎಕ್ಸ್‌ಕ್ಯಾಲಿಬರ್ ಈ ಮೂರರಲ್ಲಿ ಯಾವುದು ಸರಿ? ಇದರಿಂದ ನನ್ನ ಎಸೆತದ ದೂರವೂ ಹೆಚ್ಚುತ್ತದೆಯೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಆಯ್ಕೆ ದಾರಿ ತಪ್ಪುವುದು ಅಲ್ಲಿಯೇ. ಓವರ್‌ಸ್ಟೇಬಲ್ ಡ್ರೈವರ್‌ನಿಂದ ದೂರ ಹೆಚ್ಚುವುದಿಲ್ಲ. ಗಾಳಿಯಿಲ್ಲದ ದಿನ ಅದು ನಿಮ್ಮ ಈಗಿನ ಡಿಸ್ಕಿಗಿಂತ ಕಡಿಮೆ ದೂರ ಹೋದರೂ ಆಶ್ಚರ್ಯವಿಲ್ಲ. ಹೆಸರಿನಲ್ಲಿ ‘ಡಿಸ್ಟೆನ್ಸ್’ ಎಂದಿರುವುದು ಆ ವರ್ಗದ ಡಿಸ್ಕುಗಳ ಅಗಲವಾದ ರಿಮ್ (ಅಂಚಿನ ಪಟ್ಟಿ) ಮತ್ತು ಅವು ಬೇಡುವ ವೇಗದ ಕಾರಣಕ್ಕೆ. ಅತಿ ದೂರದ ಎಸೆತಗಳಲ್ಲಿ ಡಿಸ್ಕ್ ಮೊದಲು ಬಲಕ್ಕೆ ವಾಲಿ, ಬಹಳ ಹೊತ್ತು ತೇಲಿ, ಕೊನೆಗೆ ಎಡಕ್ಕೆ ಮರಳುತ್ತದೆ, ಮತ್ತು ಈ ಉದ್ದದ ತಿರುವಿನಿಂದಲೇ ದೂರ ಸಿಗುತ್ತದೆ. ಓವರ್‌ಸ್ಟೇಬಲ್ ಡಿಸ್ಕಿನ ಗುಣವೇ ಬಲಕ್ಕೆ ವಾಲಲು ಒಪ್ಪದಿರುವುದು. 2016ರಲ್ಲಿ ಡೇವಿಡ್ ವಿಗಿನ್ಸ್ ಜೂನಿಯರ್ 338 ಮೀಟರ್ ಎಸೆದು ವಿಶ್ವದಾಖಲೆ ಮಾಡಿದ್ದು ಮರುಭೂಮಿಯ ಬಲವಾದ ಬೆನ್ನುಗಾಳಿಯಲ್ಲಿ. ನಿಮ್ಮ ತೊಂದರೆ ಅದಕ್ಕೆ ತೀರಾ ವಿರುದ್ಧವಾದ ಎದುರುಗಾಳಿಯದು, ಹಾಗಾಗಿ ಅದಕ್ಕೆ ಬೇಕಾದ ಡಿಸ್ಕೂ ಬೇರೆ.

ಎದುರುಗಾಳಿಯಲ್ಲಿ ಆಗುವುದನ್ನು ಲೆಕ್ಕ ಹಾಕಿ ನೋಡಬಹುದು. ನಿಮ್ಮ ಡಿಸ್ಕ್ ಕೈಬಿಡುವಾಗ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿದೆ, ಎದುರಿನಿಂದ 20 ಕಿಲೋಮೀಟರ್ ವೇಗದ ಗಾಳಿ ಬೀಸುತ್ತಿದೆ ಎಂದುಕೊಳ್ಳಿ. ಡಿಸ್ಕಿಗೆ ನೆಲದ ಲೆಕ್ಕ ಗೊತ್ತಿಲ್ಲ. ಅದರ ಪಾಲಿಗೆ ತನ್ನ ವೇಗ 100 ಕಿಲೋಮೀಟರ್. ಗಾಳಿಯ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ವೇಗ ಕಾಲುಭಾಗ ಹೆಚ್ಚಿದರೆ ಬಲ ಒಂದೂವರೆ ಪಟ್ಟಿಗೂ ಮೀರಿ ಹೆಚ್ಚುತ್ತದೆ. ಇದೇ ಗಾಳಿ ಬೆನ್ನಿಗಿದ್ದರೆ ಡಿಸ್ಕಿನ ಪಾಲಿನ ವೇಗ 60 ಕಿಲೋಮೀಟರಿಗೆ ಇಳಿಯುತ್ತದೆ, ಬಲ ಹೆಚ್ಚುಕಡಿಮೆ ಅರ್ಧವಾಗುತ್ತದೆ; ಆಗ ಅದೇ ಡಿಸ್ಕ್ ಬೇಗನೆ ಎಡಕ್ಕೆ ಬಾಗಿ ಕುಸಿಯುವುದನ್ನು ನೀವೂ ಕಂಡಿರುತ್ತೀರಿ.

ವೇಗಕ್ಕೂ ಬಲಕ್ಕೆ ಮಗುಚುವುದಕ್ಕೂ ಇರುವ ಸಂಬಂಧ ಡಿಸ್ಕಿನ ತಿರುಗುವಿಕೆಯಲ್ಲಿದೆ. ಬಲಗೈ ಬ್ಯಾಕ್‌ಹ್ಯಾಂಡ್‌ನಲ್ಲಿ ಡಿಸ್ಕ್, ಮೇಲಿನಿಂದ ನೋಡಿದರೆ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಹೆಚ್ಚಿನ ವೇಗದಲ್ಲಿ ಗಾಳಿಯ ಎತ್ತುವ ಬಲ ಡಿಸ್ಕಿನ ನಡುವಿಗಿಂತ ತುಸು ಹಿಂದೆ ಕೆಲಸ ಮಾಡಿ, ಮೂಗನ್ನು, ಎಂದರೆ ಮುಂದಿನ ಅಂಚನ್ನು, ಕೆಳಕ್ಕೆ ಒತ್ತಲು ನೋಡುತ್ತದೆ. ತಿರುಗುತ್ತಿರುವ ವಸ್ತುವಿನ ಸ್ವಭಾವವೇನೆಂದರೆ, ಒತ್ತಿದ ಕಡೆಗೆ ವಾಲದೆ ಅದಕ್ಕೆ ಅಡ್ಡವಾಗಿ ವಾಲುವುದು; ಆದ್ದರಿಂದ ಮೂಗು ಬಗ್ಗುವ ಬದಲು ಡಿಸ್ಕ್ ಬಲಕ್ಕೆ ವಾಲುತ್ತದೆ. ಇದನ್ನೇ ಟರ್ನ್ ಎನ್ನುತ್ತೇವೆ. ವೇಗ ತಗ್ಗಿ ಡಿಸ್ಕ್ ಇಳಿಯತೊಡಗಿದಾಗ ಬಲದ ಕೇಂದ್ರ ಮುಂದಕ್ಕೆ ಸರಿದು, ಮೂಗನ್ನು ಮೇಲಕ್ಕೆತ್ತಲು ನೋಡುತ್ತದೆ. ಡಿಸ್ಕ್ ಎಡಕ್ಕೆ ವಾಲುತ್ತದೆ, ಅದು ಫೇಡ್. ಹೆಚ್ಚಿನ ವೇಗದಲ್ಲೂ ಬಲದ ಕೇಂದ್ರ ಹಿಂದಕ್ಕೆ ಜಾರದಂತೆ ರಿಮ್‌ನ ಆಕಾರವನ್ನು ರೂಪಿಸಿದ ಡಿಸ್ಕೇ ಓವರ್‌ಸ್ಟೇಬಲ್. ಅಂದರೆ ಅದು ಎದುರುಗಾಳಿಯನ್ನು ಗೆಲ್ಲುವುದಿಲ್ಲ, ಎದುರುಗಾಳಿ ಕೊಡುವ ಹೆಚ್ಚುವರಿ ವೇಗಕ್ಕೆ ಮಣಿಯುವುದಿಲ್ಲ, ಅಷ್ಟೆ.

ಈಗ ಮಾದರಿಗಳ ವಿಷಯ. ಡಿಸ್ಕಿನ ಮೇಲೆ ಸಾಮಾನ್ಯವಾಗಿ ನಾಲ್ಕು ಅಂಕಿಗಳಿರುತ್ತವೆ: ಸ್ಪೀಡ್, ಗ್ಲೈಡ್ (ತೇಲುವ ಗುಣ), ಟರ್ನ್, ಫೇಡ್. ಡೆಸ್ಟ್ರಾಯರ್‌ಗೆ ಅವು 12, 5, ಮೈನಸ್ 1, 3. ಫೋರ್ಸ್‌ಗೆ 12, 5, 0, 3. ಎಕ್ಸ್‌ಕ್ಯಾಲಿಬರ್‌ಗೆ 12, 5, 0, 4. ಕೊನೆಯ ಎರಡು ಅಂಕಿಗಳನ್ನು ಕೂಡಿದರೆ ಒಂದು ಒರಟು ಅಂದಾಜು ಸಿಗುತ್ತದೆ: ಡೆಸ್ಟ್ರಾಯರ್ 2, ಫೋರ್ಸ್ 3, ಎಕ್ಸ್‌ಕ್ಯಾಲಿಬರ್ 4. ಡೈನಮಿಕ್ ಡಿಸ್ಕ್ಸ್‌ನ ಎನ್‌ಫೋರ್ಸರ್ ಇನ್ನೂ ಒಂದು ಹೆಜ್ಜೆ ಮುಂದೆ, ನಾಲ್ಕೂವರೆ. ಆದರೆ ಈ ಅಂಕಿಗಳನ್ನು ಆಯಾ ತಯಾರಕರೇ ಕೊಡುತ್ತಾರೆ, ಎಲ್ಲರಿಗೂ ಒಂದೇ ಅಳತೆಗೋಲಿಲ್ಲ. ಹಾಗಾಗಿ ಒಂದೇ ಕಂಪನಿಯ ಎರಡು ಡಿಸ್ಕುಗಳನ್ನು ಹೋಲಿಸಲು ಅವು ಚೆನ್ನಾಗಿ ನೆರವಾಗುತ್ತವೆ, ಬೇರೆ ಬೇರೆ ಕಂಪನಿಗಳ ಡಿಸ್ಕುಗಳನ್ನು ಹೋಲಿಸಲು ಅಷ್ಟಾಗಿ ಅಲ್ಲ.

ಇದಕ್ಕಿಂತ ಮುಖ್ಯವಾದದ್ದು ಮೊದಲ ಅಂಕಿ. ಸ್ಪೀಡ್ 12 ಎಂದರೆ ಡಿಸ್ಕ್ ಅಷ್ಟು ವೇಗ ಕೊಡುತ್ತದೆ ಎಂದಲ್ಲ, ಅಷ್ಟು ವೇಗ ಕೇಳುತ್ತದೆ ಎಂದು. ಉಳಿದ ಮೂರು ಅಂಕಿಗಳು ನಿಜವಾಗುವುದು ಆ ವೇಗವನ್ನು ಕೊಟ್ಟಾಗ ಮಾತ್ರ. ಕೊಡದಿದ್ದರೆ ಟರ್ನ್ ಹಂತವೇ ಬರುವುದಿಲ್ಲ, ಎಸೆತ ಫೇಡ್‌ನಿಂದಲೇ ಆರಂಭವಾಗುತ್ತದೆ: ಕೈಬಿಟ್ಟ ಕೆಲವೇ ಕ್ಷಣಗಳಲ್ಲಿ ಡಿಸ್ಕ್ ಎಡಭುಜ ತಗ್ಗಿಸಿ ಜಾರಿ ಬಿದ್ದುಬಿಡುತ್ತದೆ. ನಿಧಾನದ ಕೈಗೆ ಸ್ಪೀಡ್ 12ರ ಎಲ್ಲ ಡಿಸ್ಕುಗಳೂ ಓವರ್‌ಸ್ಟೇಬಲ್ ಆಗಿಯೇ ಕಾಣುತ್ತವೆ. ಫೇರ್‌ವೇ ಡ್ರೈವರ್‌ನಲ್ಲಿ 85 ಮೀಟರ್ ಎಸೆಯುವ ಕೈ ಕೆಟ್ಟದ್ದಲ್ಲ, ಆದರೆ ಎಕ್ಸ್‌ಕ್ಯಾಲಿಬರ್‌ಗೆ ಅದು ಸಾಲದು. ಆದ್ದರಿಂದ ನೀವು ಹೇಳಿದ ಮೂರರಲ್ಲಿ ಯಾವುದನ್ನೂ ಈಗ ಕೊಳ್ಳಬೇಡಿ ಎಂಬುದು ನನ್ನ ಸಲಹೆ. ಸ್ಪೀಡ್ 9ರ ಆಸುಪಾಸಿನ ಓವರ್‌ಸ್ಟೇಬಲ್ ಡ್ರೈವರ್ ನಿಮ್ಮ ಕೆಲಸವನ್ನು ಪೂರ್ತಿ ಮಾಡುತ್ತದೆ. ಇನ್ನೋವಾದ ಫೈರ್‌ಬರ್ಡ್‌ನ ಅಂಕಿಗಳು 9, 3, 0, 4. ಡಿಸ್ಕ್ರಾಫ್ಟ್‌ನ ರ‍್ಯಾಪ್ಟರ್‌ನವು 9, 4, 0, 3. ಎದುರುಗಾಳಿಯಲ್ಲಿ ನೇರ ಹೋಗಿ ಖಚಿತವಾಗಿ ಎಡಕ್ಕೆ ಬರಬೇಕು ಎಂಬ ನಿಮ್ಮ ಒಂದೇ ಬೇಡಿಕೆಗೆ ನಾನಾದರೆ ರ‍್ಯಾಪ್ಟರ್ ಆರಿಸುತ್ತೇನೆ, ಏಕೆಂದರೆ ಫೈರ್‌ಬರ್ಡ್‌ನ ಫೇಡ್ ನಿಮ್ಮ ವೇಗಕ್ಕೆ ತುಸು ಬೇಗನೆ ಆರಂಭವಾಗಬಹುದು. ಗಾಳಿ ನಿಜಕ್ಕೂ ಜೋರಾಗಿ ಬೀಸುವ ಮೈದಾನದಲ್ಲೇ ಹೆಚ್ಚಾಗಿ ಆಡುವುದಾದರೆ ಮಾತ್ರ ಫೈರ್‌ಬರ್ಡ್.

ಸ್ಪೀಡ್ 12ಕ್ಕೆ ಯಾವಾಗ ಹೋಗಬೇಕು ಎಂದು ಕೇಳುವಿರಿ. ಯಾರಿಂದಲಾದರೂ ಅಂಥ ಒಂದು ಡಿಸ್ಕನ್ನು ಎರವಲು ಪಡೆದು, ಗಾಳಿಯಿಲ್ಲದ ಹೊತ್ತಿನಲ್ಲಿ ಬಯಲಿನಲ್ಲಿ ನಿಮ್ಮ ಫೇರ್‌ವೇ ಡ್ರೈವರ್ ಜೊತೆಗೆ ಸರದಿಯಲ್ಲಿ ಹಲವು ಬಾರಿ ಎಸೆದು ನೋಡಿ. ಒಂದೆರಡು ಅದೃಷ್ಟದ ಎಸೆತಗಳನ್ನು ಬಿಟ್ಟು, ಎರಡೂ ಬಿದ್ದ ಗುಂಪುಗಳ ನಡುವನ್ನು ಗಮನಿಸಿ. ಎರಡೂ ಗುಂಪುಗಳು ಒಂದೇ ದೂರದಲ್ಲಿದ್ದರೆ ಆ ವೇಗದ ಡಿಸ್ಕ್ ನಿಮಗಿನ್ನೂ ಏನನ್ನೂ ಕೊಡುತ್ತಿಲ್ಲ ಎಂದರ್ಥ. ಎಡಕ್ಕೆ ಹೆಚ್ಚು ಹೋಗುವುದಷ್ಟೇ ಲಾಭವಾದರೆ ಅದು ಲಾಭವಲ್ಲ. ವೇಗದ ಡಿಸ್ಕ್ ಹತ್ತು ಮೀಟರಿನಷ್ಟಾದರೂ ಸ್ಥಿರವಾಗಿ ಮುಂದೆ ಬೀಳತೊಡಗಿದಾಗ ಫೋರ್ಸ್ ಅಥವಾ ಡೆಸ್ಟ್ರಾಯರ್ ಬಗ್ಗೆ ಯೋಚಿಸಿ. ಡೆಸ್ಟ್ರಾಯರ್‌ನ ರಿಮ್ 2.2 ಸೆಂಟಿಮೀಟರ್ ಅಗಲ. ಸಣ್ಣ ಕೈಯವರಿಗೆ ಅದನ್ನು ಬಿಗಿಯಾಗಿ ಹಿಡಿಯುವುದೇ ಕಷ್ಟ, ಹಿಡಿತ ಸಡಿಲವಾದರೆ ಅಂಕಿಗಳಿಗೆ ಅರ್ಥವಿಲ್ಲ.

ಇನ್ನೊಂದು ಮಾತು, ಖರ್ಚಿಲ್ಲದ್ದು. ಗಾಳಿಯಿಲ್ಲದ ದಿನವೂ ನಿಮ್ಮ ಡಿಸ್ಕ್ ಬಲಕ್ಕೆ ಮಗುಚುತ್ತಿದ್ದರೆ ಅದು ಮಣಿಕಟ್ಟಿನ ದೋಷ ಅಥವಾ ಸವೆದ ಡಿಸ್ಕಿನ ಲಕ್ಷಣವಾಗುತ್ತಿತ್ತು. ನಿಮ್ಮ ವಿವರಣೆಯಲ್ಲಿ ಹಾಗಿಲ್ಲದ್ದರಿಂದಲೇ ಹೊಸ ಡಿಸ್ಕ್ ಕೊಳ್ಳುವುದಕ್ಕೆ ನನ್ನ ಒಪ್ಪಿಗೆ. ಆದರೂ ಎದುರುಗಾಳಿ ಕಂಡೊಡನೆ ಬಲ ಹೆಚ್ಚಿಸುವ ಅಭ್ಯಾಸ ನಮ್ಮಲ್ಲಿ ಬಹಳ ಜನರಿಗಿದೆ, ಅದು ಬೆಂಕಿಗೆ ತುಪ್ಪ ಸುರಿದ ಹಾಗೆ. ಗಾಳಿಯೇ ವೇಗ ಕೊಡುತ್ತಿರುವಾಗ ಡಿಸ್ಕಿನ ಮೂಗು ಮೇಲೇಳದಂತೆ, ಹೊರ ಅಂಚನ್ನು ತುಸು ತಗ್ಗಿಸಿ, ಎಂದರೆ ಹೈಜರ್ ಕೋನದಲ್ಲಿ, ತಗ್ಗಾಗಿ ಮತ್ತು ಸಾವಧಾನವಾಗಿ ಎಸೆದರೆ ನಿಮ್ಮ ಹಳೆಯ ಡಿಸ್ಕೇ ಅರ್ಧ ಸಮಸ್ಯೆಯನ್ನು ತೀರಿಸುತ್ತದೆ.

ಪ್ರಶ್ನೆ: ಒಂದೇ ಹೆಸರಿನ, ಒಂದೇ ತೂಕದ ಎರಡು ಡೆಸ್ಟ್ರಾಯರ್‌ಗಳು ನನ್ನಲ್ಲಿವೆ. ಒಂದು ನೇರ ಹೋಗುತ್ತದೆ, ಇನ್ನೊಂದು ಹೊಸದಾಗಿದ್ದಾಗಿನಿಂದಲೂ ಜೋರಾಗಿ ಎಡಕ್ಕೆ ಎಳೆಯುತ್ತದೆ. ಕೊಳ್ಳುವಾಗಲೇ ಇದನ್ನು ಗುರುತಿಸಲು ಸಾಧ್ಯವೇ?

ಉತ್ತರ: ಬಹುಮಟ್ಟಿಗೆ ಸಾಧ್ಯ. ಅಚ್ಚಿನಿಂದ ಹೊರಬಂದ ಪ್ಲಾಸ್ಟಿಕ್ ತಣಿಯುವಾಗ ಕುಗ್ಗುತ್ತದೆ, ಪ್ಲಾಸ್ಟಿಕ್‌ನ ಮಿಶ್ರಣ ಮತ್ತು ತಣಿಸುವ ಕ್ರಮ ಬದಲಾದರೆ ಕುಗ್ಗುವ ರೀತಿಯೂ ಬದಲಾಗುತ್ತದೆ. ಅದರಿಂದ ಒಂದೇ ಅಚ್ಚಿನ ಡಿಸ್ಕುಗಳಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಉಳಿಯುತ್ತದೆ, ಹಾರಾಟದಲ್ಲಿ ಅದು ಮೀಟರುಗಟ್ಟಲೆಯಾಗಿ ಕಾಣುತ್ತದೆ. ಆಟಗಾರರು ಒಂದೊಂದು ತಯಾರಿಕಾ ಕಂತನ್ನು ‘ರನ್’ ಎಂದು ಕರೆದು, ಇಂಥ ರನ್ ಒಳ್ಳೆಯದು, ಇಂಥದ್ದು ಬೇಡ ಎಂದು ಗಂಟೆಗಟ್ಟಲೆ ಚರ್ಚಿಸುವುದು ಇದೇ ಕಾರಣಕ್ಕೆ. ಅದರಲ್ಲಿ ಮುಕ್ಕಾಲು ಪಾಲು ಹರಟೆಯಾದರೂ ಕಾಲುಭಾಗ ನಿಜವಿದೆ.

ನಿಮ್ಮ ಎರಡೂ ಡಿಸ್ಕುಗಳನ್ನು ಮಟ್ಟಸವಾದ ಮೇಜಿನ ಮೇಲೆ, ಸಹಜವಾಗಿ ಹಾರುವ ಭಂಗಿಯಲ್ಲಿ, ಅಕ್ಕಪಕ್ಕ ಇಡಿ. ಬಗ್ಗಿ ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು ಅಂಚುಗಳನ್ನು ಪಕ್ಕದಿಂದ ನೋಡಿ. ರಿಮ್ ಅತ್ಯಂತ ಹೊರಕ್ಕೆ ಚಾಚಿರುವ ಜಾಗದಲ್ಲಿ, ಅಚ್ಚಿನ ಎರಡು ಭಾಗಗಳು ಕೂಡಿದ ತೆಳು ಗೆರೆಯೊಂದು ಸುತ್ತಲೂ ಓಡುತ್ತದೆ. ಬೆಳಕಿಗೆ ಸ್ವಲ್ಪ ಓರೆಯಾಗಿಸಿದರೆ ಕಾಣುತ್ತದೆ, ಉಗುರು ಆಡಿಸಿದರೆ ತಗಲುತ್ತದೆ. ಇದನ್ನು ಪಾರ್ಟಿಂಗ್ ಲೈನ್ ಎನ್ನುತ್ತಾರೆ. ಮೇಜಿನಿಂದ ಆ ಗೆರೆಯ ಎತ್ತರ ಯಾವ ಡಿಸ್ಕಿನಲ್ಲಿ ಹೆಚ್ಚೋ ಅದು ಹೆಚ್ಚು ಓವರ್‌ಸ್ಟೇಬಲ್. ನಿಮ್ಮ ಎಡಕ್ಕೆ ಎಳೆಯುವ ಡಿಸ್ಕಿನಲ್ಲಿ ಗೆರೆ ಮೇಲಿರುವ ಸಾಧ್ಯತೆಯೇ ಹೆಚ್ಚು. ಅನಂತರ ತಲೆಯ ಭಾಗವನ್ನು ನೋಡಿ: ಗುಮ್ಮಟದಂತೆ ಉಬ್ಬಿದ್ದರೆ ಡಿಸ್ಕ್ ಹೆಚ್ಚು ತೇಲುತ್ತದೆ, ಚಪ್ಪಟೆಯಾಗಿದ್ದರೆ ಸಾಮಾನ್ಯವಾಗಿ ಬೇಗ ಇಳಿಯುತ್ತದೆ ಮತ್ತು ಫೇಡ್ ಬಲವಾಗಿರುತ್ತದೆ. ಎದುರುಗಾಳಿಗೆ ಚಪ್ಪಟೆ ತಲೆಯದ್ದೇ ಒಳ್ಳೆಯದು. ಗುಮ್ಮಟದ ಡಿಸ್ಕನ್ನು ಗಾಳಿ ಎತ್ತಿ ಒಯ್ಯುತ್ತದೆ.

ಪ್ಲಾಸ್ಟಿಕ್ ಬೇರೆಯಾದಾಗ ವ್ಯತ್ಯಾಸ ಇನ್ನೂ ಸ್ಪಷ್ಟ. ಇನ್ನೋವಾದ ಡಿಸ್ಕುಗಳಲ್ಲಿ ಪಾರದರ್ಶಕ, ಗಟ್ಟಿಯಾದ ಚಾಂಪಿಯನ್ ಪ್ಲಾಸ್ಟಿಕ್‌ನದು ಸ್ಟಾರ್ ಎಂಬ ಪ್ಲಾಸ್ಟಿಕ್‌ನದಕ್ಕಿಂತ ಹೆಚ್ಚು ಓವರ್‌ಸ್ಟೇಬಲ್ ಆಗಿರುವುದು ವಾಡಿಕೆ. ಅಗ್ಗದ ಡಿಎಕ್ಸ್ ಬೇಗ ಸವೆಯುತ್ತದೆ, ಮರಕ್ಕೆ ನಾಲ್ಕಾರು ಬಾರಿ ಬಡಿದರೆ ಅದರ ಫೇಡ್ ಕುಂದುತ್ತದೆ. ಓವರ್‌ಸ್ಟೇಬಲ್ ಗುಣಕ್ಕಾಗಿಯೇ ಕೊಳ್ಳುವ ಡಿಸ್ಕಿನಲ್ಲಿ ಹಣ ಉಳಿಸಲು ಹೋಗಿ ಅಗ್ಗದ ಪ್ಲಾಸ್ಟಿಕ್ ತೆಗೆದುಕೊಳ್ಳುವುದರಲ್ಲಿ ಅರ್ಥವಿಲ್ಲ.

ಪ್ರಶ್ನೆ: ಡ್ರೈವರ್‌ಗಳ ಮೇಲೆ 175 ಗ್ರಾಂ ಎಂದೇ ಬರೆದಿರುವುದು ಏಕೆ? ಓವರ್‌ಸ್ಟೇಬಲ್ ಡಿಸ್ಕನ್ನು ಹಗುರವಾಗಿ ತೆಗೆದುಕೊಂಡರೆ ನಷ್ಟವೇ?

ಉತ್ತರ: ವೃತ್ತಿಪರ ಡಿಸ್ಕ್ ಗಾಲ್ಫ್ ಸಂಸ್ಥೆಯಾದ ಪಿಡಿಜಿಎಯ ತಾಂತ್ರಿಕ ನಿಯಮದ ಪ್ರಕಾರ, ಡಿಸ್ಕಿನ ಹೊರ ವ್ಯಾಸದ ಪ್ರತಿ ಸೆಂಟಿಮೀಟರಿಗೆ 8.3 ಗ್ರಾಂಗಿಂತ ಹೆಚ್ಚು ತೂಕ ಇರುವಂತಿಲ್ಲ. ಡ್ರೈವರ್‌ಗಳ ವ್ಯಾಸ 21 ಸೆಂಟಿಮೀಟರಿನ ಆಸುಪಾಸು, 21.1ನ್ನು 8.3ರಿಂದ ಗುಣಿಸಿದರೆ 175 ಗ್ರಾಂ ಬರುತ್ತದೆ. ಮಿಡ್‌ರೇಂಜ್ (ಮಧ್ಯಮ ದೂರದ) ಡಿಸ್ಕುಗಳು ಇದಕ್ಕಿಂತ ಭಾರವಾಗಿರಲು ಅವುಗಳ ಹೆಚ್ಚಿನ ವ್ಯಾಸವೇ ಕಾರಣ. ಅದೇ ನಿಯಮಾವಳಿ ರಿಮ್‌ನ ಅಗಲವನ್ನು 2.6 ಸೆಂಟಿಮೀಟರಿಗೆ ಮಿತಿಗೊಳಿಸಿದೆ, ಇಲ್ಲದಿದ್ದರೆ ತಯಾರಕರ ಸ್ಪರ್ಧೆ ಎಲ್ಲಿಗೆ ಮುಟ್ಟುತ್ತಿತ್ತೋ.

ಒಂದೇ ಮಾದರಿಯಲ್ಲಿ ಹಗುರವಾದದ್ದು ಬೇಗನೆ ಬಲಕ್ಕೆ ವಾಲುತ್ತದೆ, ಗಾಳಿಯ ಮಾತನ್ನು ಹೆಚ್ಚು ಕೇಳುತ್ತದೆ. ಎದುರುಗಾಳಿಗೆಂದು ಕೊಳ್ಳುವುದಾದರೆ 170ರಿಂದ 175 ಗ್ರಾಂ ನಡುವಿನದನ್ನೇ ತೆಗೆದುಕೊಳ್ಳಿ. ಕೈಯ ವೇಗ ಕಡಿಮೆ ಇದ್ದು, ಗಾಳಿಯಿಲ್ಲದ ಮೈದಾನದಲ್ಲಿ ವೇಗದ ಡ್ರೈವರ್ ಎಸೆಯುವ ಆಸೆಯಿದ್ದರೆ 160ರ ದಶಕದ ತೂಕಗಳು ನಿಜಕ್ಕೂ ನೆರವಾಗುತ್ತವೆ, ಆದರೆ ಆಗ ಓವರ್‌ಸ್ಟೇಬಲ್ ಮಾದರಿಯನ್ನೇ ಏಕೆ ಆರಿಸಬೇಕು ಎಂಬ ಪ್ರಶ್ನೆ ಏಳುತ್ತದೆ. ಅಷ್ಟೇನೂ ಓವರ್‌ಸ್ಟೇಬಲ್ ಅಲ್ಲದ ಡಿಸ್ಕನ್ನು ಪೂರ್ಣ ತೂಕದಲ್ಲಿ ತೆಗೆದುಕೊಳ್ಳುವುದೇ ನೇರ ದಾರಿ.

ಪ್ರಶ್ನೆ: ನಾನು ಹೆಚ್ಚಾಗಿ ಫೋರ್‌ಹ್ಯಾಂಡ್ (ಕೈಯನ್ನು ಪಕ್ಕದಿಂದ ಮುಂದಕ್ಕೆ ಬೀಸಿ) ಎಸೆಯುತ್ತೇನೆ. ಬ್ಯಾಕ್‌ಹ್ಯಾಂಡ್ ಆಟಗಾರರು ನೇರ ಎಸೆಯುವ ಡಿಸ್ಕುಗಳು ನನ್ನ ಕೈಯಲ್ಲಿ ನಡುಗುತ್ತಾ ಮಗುಚುತ್ತವೆ. ನನಗೆ ಇನ್ನೂ ಹೆಚ್ಚು ಓವರ್‌ಸ್ಟೇಬಲ್ ಬೇಕೇ?

ಉತ್ತರ: ಸದ್ಯಕ್ಕೆ ಬೇಕು. ಬಹಳ ಆಟಗಾರರಿಗೆ ಫೋರ್‌ಹ್ಯಾಂಡ್‌ನಲ್ಲಿ ವೇಗ ಸುಲಭವಾಗಿ ಬರುತ್ತದೆ, ತಿರುಗುವಿಕೆ ಅಷ್ಟು ಬರುವುದಿಲ್ಲ. ತಿರುಗುವಿಕೆ ಕಡಿಮೆಯಾದಷ್ಟೂ ಅದೇ ಗಾಳಿಯ ಬಲಕ್ಕೆ ಡಿಸ್ಕ್ ಬೇಗನೆ ವಾಲುತ್ತದೆ. ಜೊತೆಗೆ ಕೈಬಿಡುವ ಕ್ಷಣದಲ್ಲಿ ಮಣಿಕಟ್ಟು ಹೊರಳಿದರೆ ಡಿಸ್ಕ್ ನಡುಗುತ್ತಾ ಹೊರಡುತ್ತದೆ. ಓವರ್‌ಸ್ಟೇಬಲ್ ಡಿಸ್ಕ್ ಆ ನಡುಕವನ್ನು ಸಹಿಸಿಕೊಂಡು ದಾರಿಗೆ ಬರುತ್ತದೆ. ಫೈರ್‌ಬರ್ಡ್ ಮತ್ತು ಫೆಲನ್‌ನಂಥ ಡಿಸ್ಕುಗಳನ್ನು ಫೋರ್‌ಹ್ಯಾಂಡ್‌ನವರು ಮೆಚ್ಚುವುದು ಇದಕ್ಕೇ. ಬಲಗೈ ಫೋರ್‌ಹ್ಯಾಂಡ್‌ನಲ್ಲಿ ತಿರುಗುವ ದಿಕ್ಕು ಅದಲುಬದಲಾಗುವುದರಿಂದ ಫೇಡ್ ಬಲಕ್ಕೆ ಬರುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಎಡಗೈ ಬ್ಯಾಕ್‌ಹ್ಯಾಂಡ್‌ನವರಿಗೂ ಹಾಗೆಯೇ. ಆದರೆ ನಡುಕವನ್ನು ಮುಚ್ಚಿಹಾಕಲೆಂದೇ ಒಂದರ ಮೇಲೊಂದು ಹೆಚ್ಚು ಓವರ್‌ಸ್ಟೇಬಲ್ ಡಿಸ್ಕುಗಳನ್ನು ಕೊಳ್ಳುತ್ತಾ ಹೋದರೆ ಮಣಿಕಟ್ಟಿನ ದೋಷ ನಿಮಗೆ ಕಾಣುವುದೇ ಇಲ್ಲ. ಅಭ್ಯಾಸದ ವೇಳೆಯಲ್ಲಿ ನೇರ ಹೋಗುವ ಮಿಡ್‌ರೇಂಜ್ ಡಿಸ್ಕೊಂದನ್ನು ಮೆಲ್ಲಗೆ ಫೋರ್‌ಹ್ಯಾಂಡ್ ಎಸೆಯುತ್ತಿರಿ. ಅದು ನಡುಗದೆ ಹೊರಟ ದಿನ ನಿಮ್ಮ ಡ್ರೈವರ್‌ಗಳ ಆಯ್ಕೆಯೂ ಬದಲಾಗುತ್ತದೆ.

ಪ್ರಶ್ನೆ: ನನ್ನ ಹಳೆಯ ಎಕ್ಸ್‌ಕ್ಯಾಲಿಬರ್ ಮರಗಳಿಗೆ ಬಡಿದು ಬಡಿದು ಈಗ ಫೇಡ್ ಕಳೆದುಕೊಂಡಿದೆ. ಅಂಚನ್ನು ಉಜ್ಜಿ ಸರಿಪಡಿಸಬಹುದೇ, ಅಥವಾ ಬಿಸಾಡಬೇಕೇ?

ಉತ್ತರ: ಎರಡೂ ಬೇಡ. ಅಚ್ಚಿನ ದೋಷದಿಂದ ಉಳಿದ ಒರಟನ್ನು ಮಿತವಾಗಿ ಉಜ್ಜಿ ನಯ ಮಾಡುವುದಕ್ಕೆ ಪಿಡಿಜಿಎ ನಿಯಮದಲ್ಲಿ ಅವಕಾಶವಿದೆ, ಹಾರಾಟದ ಗುಣವನ್ನೇ ಬದಲಿಸುವಂತೆ ತಿದ್ದುವುದಕ್ಕೆ ಇಲ್ಲ. ಆಟದಲ್ಲಿ ಸಹಜವಾಗಿ ಆದ ಸವೆತಕ್ಕೆ ಆಕ್ಷೇಪವಿಲ್ಲ, ಆದರೆ ಬಿರುಕು ಬಿಟ್ಟ ಅಥವಾ ತೂತಾದ ಡಿಸ್ಕನ್ನು ಸ್ಪರ್ಧೆಯಲ್ಲಿ ಬಳಸುವಂತಿಲ್ಲ. ಆದ್ದರಿಂದ ಅಂಚನ್ನು ಮೆಲ್ಲಗೆ ಬಗ್ಗಿಸಿ ಸುತ್ತಲೂ ಪರೀಕ್ಷಿಸಿ. ಹಾಗೆ ನೋಡಿದರೆ, ಉಜ್ಜಿದರೂ ಫೇಡ್ ಮರಳುವುದಿಲ್ಲ, ಸವೆತದ ಕೆಲಸವನ್ನು ಮರಗಳ ಬದಲು ನೀವು ಮಾಡಿದಂತಾಗುತ್ತದೆ.

ಸವೆದ ಎಕ್ಸ್‌ಕ್ಯಾಲಿಬರ್ ಈಗ ನಿಮ್ಮ ಕೈಗೆ ಸರಿಹೊಂದುವ, ಹೆಚ್ಚು ದೂರ ಹೋಗುವ ಡ್ರೈವರ್ ಆಗಿದೆ. ಬೆನ್ನುಗಾಳಿಯಲ್ಲಿ ಅದನ್ನು ಎಸೆದು ನೋಡಿ. ಹೊಸದೊಂದನ್ನು ಕೊಳ್ಳುವುದಾದರೆ ಅದೇ ಮಾದರಿ, ಅದೇ ಪ್ಲಾಸ್ಟಿಕ್, ಅದೇ ತೂಕದ್ದನ್ನು ಕೊಂಡರೆ ಹಿಡಿತ ಬದಲಿಸದೆ ಎರಡು ಬೇರೆ ಹಾರಾಟಗಳು ಸಿಗುತ್ತವೆ: ಎದುರುಗಾಳಿಗೆ ಮತ್ತು ಎಡಕ್ಕೆ ಬಲವಾಗಿ ಬಾಗಬೇಕಾದ ತಿರುವಿಗೆ ಹೊಸದು, ನೇರ ದೂರಕ್ಕೆ ಹಳೆಯದು. ಪಕ್ಕದಿಂದ ಬೀಸುವ ಗಾಳಿಯಲ್ಲೂ ಇವೆರಡರ ನಡತೆ ಬೇರೆ. ಗಾಳಿ ಬಲದಿಂದ ಬರುತ್ತಿದ್ದರೆ, ಎಡಕ್ಕೆ ವಾಲಿದ ಹೊಸ ಡಿಸ್ಕಿನ ಹೊಟ್ಟೆಗೆ ಗಾಳಿ ತಗುಲಿ ಅದು ನೀವೆಣಿಸಿದ್ದಕ್ಕಿಂತ ಬಹಳ ಎಡಕ್ಕೆ ತೇಲುತ್ತದೆ. ಎಡದಿಂದ ಬರುತ್ತಿದ್ದರೆ ಬೆನ್ನಿಗೆ ಬಡಿದು ನೆಲಕ್ಕೆ ತಳ್ಳುತ್ತದೆ. ಮೊದಲನೆಯ ಸಂದರ್ಭದಲ್ಲಿ ಹಳೆಯದನ್ನು ಬಳಸುವುದು ಕ್ಷೇಮ. ಎರಡೂ ಒಂದೇ ಬಣ್ಣದವಾಗಿದ್ದರೆ ಆತುರದಲ್ಲಿ ಅದಲುಬದಲಾಗುತ್ತವೆ, ಹೇಗೂ ಸ್ಪರ್ಧೆಯಲ್ಲಿ ಪ್ರತಿ ಡಿಸ್ಕಿನ ಮೇಲೂ ಪ್ರತ್ಯೇಕ ಗುರುತು ಇರಲೇಬೇಕು. ಹೊಸದರ ಒಳಭಾಗದಲ್ಲಿ ಅಳಿಯದ ಶಾಯಿಯಿಂದ ದೊಡ್ಡದಾಗಿ ಒಂದು ಗುರುತು ಹಾಕಿಕೊಳ್ಳಿ.